ಹೆಂಗಸರ ರೂಮು ಆ ಕಡೆ

ನಾನು ಹಾಲಿನ ಡೈರಿಯ ಕಾರ್ಯದರ್ಶಿ. ಹೆಸರು ಸುಜಾತ. ನಮ್ಮೂರು ದಿಬ್ಬೂರಹಳ್ಳಿಗೆ ಹತ್ತಿರದ ಒಂದು ಸಣ್ಣ ಹಳ್ಳಿ. ಅದರ ಹೆಸರು ಹೇಳಿದರೆ ನಮ್ಮ ಮನೆಯ ಬಾಗಿಲನ್ನೇ ತೋರಿಸಿದಂತಾಗುತ್ತದೆ, ಆದ್ದರಿಂದ ಬೇಡ. ಬೆಳಿಗ್ಗೆ, ಸಂಜೆ ಹೆಂಗಸರು ಕ್ಯಾನು ಹಿಡಿದು ಡೈರಿ ಮುಂದೆ ಸಾಲು ನಿಲ್ಲುತ್ತಾರೆ. ಮುಚ್ಚಳ ತೆಗೆದು ಮೂಸಿ ನೋಡುವುದು ನನ್ನ ಮೊದಲ ಕೆಲಸ. ಹಾಲು ಹುಳಿ ತಿರುಗಿದೆಯೋ, ರಾತ್ರಿಯದನ್ನು ಬೆಳಗಿನದಕ್ಕೆ ಬೆರೆಸಿದ್ದಾರೋ ಎಂಬುದನ್ನು ಮೆಷಿನ್ನಿಗಿಂತ ಮೊದಲು ನನ್ನ ಮೂಗು ಹೇಳುತ್ತದೆ. ಊರಿನ ಹಾಲನ್ನೆಲ್ಲ ಮೂಸುವ ಹೆಂಗಸಿನ ಬಾಯಿಂದಲೇ ವರ್ಷಗಟ್ಟಲೆ ಬ್ರಾಂದಿ ವಾಸನೆ ಬರುತ್ತಿತ್ತು ಎಂದರೆ ಈಗ ನನಗೇ ನಗು ಬರುತ್ತದೆ. ಡೈರಿಯಲ್ಲಿ ಹಾಲಿನ ವಾಸನೆ ಮಿಕ್ಕ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಸಾಲದೆ ಹೋದರೆ ಏಲಕ್ಕಿ ಇತ್ತು.

ಶುರುವಾಗಿದ್ದು ಬಾಣಂತನದಲ್ಲಿ. ನಮ್ಮ ಕಡೆ ಹೆತ್ತ ಹೆಂಗಸಿಗೆ ಶೀತ ಹತ್ತದಿರಲಿ ಎಂದು ರಾತ್ರಿ ಊಟದ ಮೇಲೆ ಒಂದು ಮುಚ್ಚಳ ಬ್ರಾಂದಿ ಕೊಡುತ್ತಾರೆ. ಕರಿಮೆಣಸು, ಬೆಳ್ಳುಳ್ಳಿ, ಬ್ರಾಂದಿ ಮೂರೂ ಗೋಡೆಯ ಒಂದೇ ಗೂಡಿನಲ್ಲಿರುತ್ತವೆ. ಎರಡನೆಯ ಹೆರಿಗೆ ಚಳಿಗಾಲದಲ್ಲಾಯಿತು. ನಮ್ಮತ್ತೆಯೇ ಮುಚ್ಚಳ ಹಿಡಿದು ಬಂದು, "ಏಮೀ ಕಾದಮ್ಮಾ, ಏನೂ ಆಗಲ್ಲ, ಕಣ್ಮುಚ್ಕೊಂಡು ಕುಡಿ. ಒಳಗೆ ಬೆಚ್ಚಗಿರ್ತದೆ" ಎಂದರು. ಅತ್ತೆಯ ಬಾಯಲ್ಲಿ ತೆಲುಗು, ಕನ್ನಡ ಎರಡೂ ಒಟ್ಟಿಗೇ ಬರುತ್ತವೆ. ಅವರು ಹೇಳಿದಂತೆ ಒಳಗೆ ಬೆಚ್ಚಗಾಯಿತು. ಬಾಣಂತನ ಮುಗಿಯಿತು, ಬೆಚ್ಚಗಿರುವ ಆಸೆ ಮುಗಿಯಲಿಲ್ಲ.

ಆಮೇಲೆ ಸೊಂಟ ನೋವು ಎಂದೆ. ಆಮೇಲೆ ಮಂಡಿ ನೋವು ಎಂದೆ. ನಾನೇನು ವೈನ್ ಸ್ಟೋರಿನ ಮುಂದೆ ಹೋಗಿ ನಿಲ್ಲಲಾದೀತೇ? ತಂದುಕೊಡುತ್ತಿದ್ದವರು ನನ್ನ ಗಂಡ ನಾಗರಾಜ. ಅವರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ಬೀಡಿ ಸೇದಿದವರಲ್ಲ, ಎಲೆ ಅಡಿಕೆ ಕೂಡ ಹಬ್ಬಕ್ಕಷ್ಟೇ. ಅಂಥವರು ಬಿಳಿ ಶರಟು ಹಾಕಿಕೊಂಡು, ಬಟ್ಟೆ ಬ್ಯಾಗು ಹಿಡಿದು, ಶಿಡ್ಲಘಟ್ಟದ ಅಂಗಡಿಯ ಮುಂದೆ ನಿಂತು ತರುತ್ತಿದ್ದರು. ಮೊದಮೊದಲು ಅವರಮ್ಮ ಹೇಳಿದ್ದಕ್ಕೆ ತಂದರು. ಆಮೇಲೆ ನಾನು ಹೇಳಿದ್ದಕ್ಕೆ ತಂದರು. ಕೊನೆಕೊನೆಗೆ ಯಾರೂ ಹೇಳದೆಯೇ ತರುತ್ತಿದ್ದರು.

ಅವರಿಗೆ ಗೊತ್ತಿತ್ತೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನಾನಿದ್ದೆ, ಅಷ್ಟೇ. ಹುಳು ಮನೆಯೊಳಗೆ ಸೆಂಟು, ಬೀಡಿ, ಹೆಂಡ ಯಾವ ವಾಸನೆಯೂ ಹೋಗಬಾರದು ಎನ್ನುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಒಂದು ದಿನ ಸೊಪ್ಪಿನ ಬುಟ್ಟಿ ಹೊತ್ತು ನಾನು ಹೊಸ್ತಿಲಿಗೆ ಬಂದಾಗ ಅವರು ಬುಟ್ಟಿ ಇಸಿದುಕೊಂಡು, "ನಿನಗೆ ಮಂಡಿ ನೋವಲ್ವಾ, ಬಿಡು. ನಾನೇ ಹಾಕ್ತೀನಿ" ಎಂದರು. ಮುಖ ನೋಡಲಿಲ್ಲ. ಅವತ್ತಿನಿಂದ ನಾನು ಹುಳು ಮನೆಯೊಳಗೆ ಕಾಲಿಡಲಿಲ್ಲ. ಅದರ ಬಗ್ಗೆ ನಾವಿಬ್ಬರೂ ಮಾತಾಡಲೂ ಇಲ್ಲ. ಒಂದೇ ಮನೆಯಲ್ಲಿ ಒಂದು ವಿಷಯವನ್ನು ಇಬ್ಬರೂ ಬೇರೆ ಬೇರೆಯಾಗಿ ಬಚ್ಚಿಡುವುದಿದೆಯಲ್ಲ, ಅದರಂಥ ಒಂಟಿತನ ಬೇರೆ ಇಲ್ಲ.

ಒಂದು ಬೆಳಿಗ್ಗೆ ಡೈರಿಯಲ್ಲೇ ವಾಂತಿಯಾಗಿ ಬಿದ್ದೆ. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮೂರು ರಾತ್ರಿ ಕೈಕಾಲು ನಡುಗಿದವು. ಗೋಡೆಯ ಮೇಲೆಲ್ಲ ಹುಳು ಹರಿಯುತ್ತಿದ್ದವು. ಅವು ಚರಚರ ಎಂದು ಸೊಪ್ಪು ತಿನ್ನುವ ಸದ್ದು ವಾರ್ಡಿನ ತುಂಬ ಕೇಳುತ್ತಿತ್ತು. ನರ್ಸನ್ನು ಕರೆದು, "ಸೊಪ್ಪು ಮುಗಿದೋಯ್ತು, ತಂದಾಕಿ" ಎಂದೆನಂತೆ. ಆ ಹುಡುಗಿ ಬೈಯಲಿಲ್ಲ. "ಹಾಕ್ತೀವಿ, ನೀವು ಮಲ್ಕೊಳಮ್ಮ" ಎಂದಳಂತೆ. ಆ ಮಾತನ್ನು ಆಮೇಲೆ ಕೇಳಿದಾಗ ಅತ್ತುಬಿಟ್ಟೆ.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹೆಂಗಸು. ರಿಪೋರ್ಟು ನೋಡಿ, ನನ್ನ ಗಂಡನಿಗೆ "ಸರ್, ಸ್ವಲ್ಪ ಆಚೆ ಇರಿ" ಎಂದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಏನ್ ತಗೋತೀರಮ್ಮ?"

"ಔಷಧಿಗೆ ಅಂತ, ಒಂಚೂರು."

"ಎಷ್ಟು ಔಷಧಿ?"

ಅವರ ದನಿಯಲ್ಲಿ ತಮಾಷೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಬರೆದುಕೊಂಡು, "ಭಾನುವಾರ ಇಲ್ಲೇ ಊರೊಳಗೆ ಕೆಲವರು ಸೇರ್ತಾರೆ, ಕುಡಿಯೋದು ಬಿಡಬೇಕು ಅನ್ನೋರು. ಹೋಗಿ ಸುಮ್ನೆ ಕೂತ್ಕೊಳ್ಳಿ. ಮಾತಾಡ್ಲೇಬೇಕು ಅಂತೇನಿಲ್ಲ" ಎಂದರು. ಹಳೇ ಬಸ್ ನಿಲ್ದಾಣದ ಹಿಂದೆ ಒಂದು ಟ್ಯುಟೋರಿಯಲ್, ಮಹಡಿಯ ಮೇಲೆ.

ಹೊರಗೆ ಬೆಂಚಿನ ಮೇಲೆ ನನ್ನ ಗಂಡ ಎಳನೀರು ಹಿಡಿದು ಕೂತಿದ್ದರು. "ಏನಂದ್ರು?" ಎಂದು ಕೇಳಿದರು. "ಲಿವರ್ ಊದಿದೆಯಂತೆ" ಎಂದೆ. "ಹೂಂ" ಎಂದರು. ಪಕ್ಕದಲ್ಲಿದ್ದ ಅಜ್ಜಿ ನನ್ನ ಕಣ್ಣು ನೋಡಿ, "ಕಾಮಾಲೆನಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವರು "ಹೂಂ, ಕಾಮಾಲೆ" ಎಂದುಬಿಟ್ಟರು.

ಊರಿಗೆ ಬಂದ ಮೇಲೂ ಕಾಮಾಲೆಯೇ ಆಯಿತು. ನೋಡಲು ಬಂದವರೆಲ್ಲ ಮೋಸಂಬಿ ತಂದರು, ನೆಲನೆಲ್ಲಿ ಅರೆದು ತಂದರು, ಅದಕ್ಕೆ ನಾಟಿ ಔಷಧಿ ಕೊಡುವವರ ಊರು ಹೇಳಿದರು. ನಿಜವಾದ ಕಾಯಿಲೆಗೆ ಒಬ್ಬರೂ ಬರಲಿಲ್ಲ. ಹೇಗೆ ಬಂದಾರು, ಹೇಳಿದ್ದರಲ್ಲವೇ! ಅತ್ತೆಗೆ ಮಾತ್ರ ಗೊತ್ತಾಗಿತ್ತು. ಒಲೆಯ ಮುಂದೆ ಕೂತು ತಮ್ಮಷ್ಟಕ್ಕೆ, "ಎಷ್ಟು ಬಾಣಂತನ ಮಾಡಿದೀನಿ, ಎಲ್ಲರಿಗೂ ಕೊಟ್ಟಿದೀನಿ. ಯಾರಿಗೂ ಏನೂ ಆಗ್ಲಿಲ್ಲ" ಎನ್ನುತ್ತಿದ್ದರು. ಅದು ನನ್ನನ್ನು ಬೈಯುವುದೋ ಅಥವಾ ತಮ್ಮನ್ನೇ ಸಮಾಧಾನ ಮಾಡಿಕೊಳ್ಳುವುದೋ ನನಗೆ ತಿಳಿಯುತ್ತಿರಲಿಲ್ಲ. ಆದರೆ ಗೂಡಿನಲ್ಲಿದ್ದ ಶೀಸೆ ಮಾಯವಾಗಿತ್ತು. ಸಂಜೆ ನನ್ನ ಕೈ ನಡುಗುವ ಹೊತ್ತಿಗೆ ಸರಿಯಾಗಿ ಬಿಸಿ ಮೆಣಸಿನ ಕಷಾಯ ಬರುತ್ತಿತ್ತು.

ಒಂದು ಭಾನುವಾರ, ಬೆಳಗಿನ ಹಾಲು ಮುಗಿಸಿ, ಒಕ್ಕೂಟದ ಮೀಟಿಂಗ್ ಇದೆ ಎಂದು ಹೇಳಿ ಬಸ್ಸು ಹತ್ತಿದೆ. ಸಂಜೆ ಹಾಲಿನ ಹೊತ್ತಿಗೆ ವಾಪಸ್ಸು ಬರಬೇಕು. ಚಿಕ್ಕಬಳ್ಳಾಪುರದಲ್ಲಿ ಇಳಿದ ಮೇಲೆ ಹೊಸ ತೊಂದರೆ ಶುರುವಾಯಿತು. ದಾರಿ ಕೇಳುವುದು ಹೇಗೆ? ಕುಡುಕರು ಸೇರುವ ಜಾಗ ಎಲ್ಲಿ ಎಂದು ಗೌರಮ್ಮನ ಹಾಗೆ ತಲೆ ಬಾಚಿ ಹೂ ಮುಡಿದ ಹೆಂಗಸು ಯಾರನ್ನು ಕೇಳಬೇಕು? ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೇಲೂ ಕೆಳಗೂ ಸುತ್ತಿದೆ. ಬೇಡದ ಕೊತ್ತಂಬರಿ ಸೊಪ್ಪು ಕೊಂಡೆ. ಒಂದು ಬೋರ್ಡಿನ ಮುಂದೆ ನಿಂತು ಓದಿದರೆ ಅದು ಕಂಪ್ಯೂಟರ್ ತರಬೇತಿಯದು. ಕೊನೆಗೆ ಕನಕಾಂಬರ ಕಟ್ಟುತ್ತ ಕೂತಿದ್ದ ಹೂವಿನವಳನ್ನು, "ಇಲ್ಲಿ ಟ್ಯುಟೋರಿಯಲ್ ಎಲ್ಲಮ್ಮ?" ಎಂದು ಕೇಳಿದೆ.

"ಇವತ್ತು ಭಾನುವಾರ, ಪಾಠ ಇಲ್ಲ. ಕುಡುಕರ ಮೀಟಿಂಗ್ ಅಷ್ಟೇ" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ಸೆರಗಿನಿಂದ ಬಾಯಿ ಮುಚ್ಚಿಕೊಂಡಿತು. ಅವಳು ತಲೆಯೆತ್ತಿ ನೋಡಿ, ಕಟ್ಟುವುದನ್ನು ನಿಲ್ಲಿಸಿದಳು. "ಯಜಮಾನ್ರಿಗಾ? ಪಾಪ. ಅಗೋ ಆ ಮೆಟ್ಲು. ಹೆದರ್ಬೇಡ ಹೋಗಮ್ಮ, ಬಿಡ್ತಾರೆ" ಎಂದು ಒಂದು ಮೊಳ ಹೂ ಕಿತ್ತು ಕೈಗಿಟ್ಟಳು. ದುಡ್ಡು ಕೊಡಲು ಹೋದರೆ ಬೇಡವೆಂದಳು.

ಮೆಟ್ಟಿಲ ತುದಿಯಲ್ಲಿ ಒಬ್ಬರು ನಿಂತಿದ್ದರು. ನಿವೃತ್ತ ಬಸ್ ಕಂಡಕ್ಟರು. ಅವರ ಹೆಸರು ಬೇರೆ ಏನೇ ಇರಲಿ, ಅಲ್ಲಿ ಎಲ್ಲರಿಗೂ ಕಂಡಕ್ಟರಣ್ಣ. ಎಷ್ಟೋ ವರ್ಷದ ಹಿಂದೆ ಕುಡಿಯುವುದನ್ನು ಬಿಟ್ಟು, ಈಗ ಈ ಮೀಟಿಂಗ್ ನಡೆಸುವವರು ಅವರೇ. ನನ್ನನ್ನು ನೋಡಿದ್ದೇ, "ಬನ್ನಿ ತಾಯಿ. ಯಜಮಾನ್ರನ್ನ ಕರ್ಕೊಂಡ್ ಬರ್ಲಿಲ್ವಾ? ಪರವಾಗಿಲ್ಲ, ನಿಧಾನಕ್ಕೆ ಬರ್ತಾರೆ. ಹೆಂಗಸರ ರೂಮು ಆ ಕಡೆ" ಎಂದು ಕೈ ತೋರಿಸಿದರು.

ಆ ಕ್ಷಣ "ನಾನೇ" ಎನ್ನಬಹುದಿತ್ತು. ಎರಡಕ್ಷರ. ನಾನು ಆ ಕಡೆಗೇ ಹೋದೆ.

ಅದು ಒಂದೇ ದೊಡ್ಡ ಕೋಣೆ. ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿದ್ದರು. ಆ ಬದಿಗೆ ಕುಡಿಯುವ ಗಂಡಸರು, ಈ ಬದಿಗೆ ಅವರ ಹೆಂಡಿರು, ತಾಯಂದಿರು. ಅಲ್ಲಿ ಹೆಸರು ಮಾತ್ರ ಹೇಳಬೇಕು, ಊರು ಕೇಳಬಾರದು ಎಂಬುದು ನಿಯಮ. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ರತ್ನಮ್ಮ ಎನ್ನುವವಳು, "ಯಾವೂರಕ್ಕ ನಿಮ್ದು?" ಎಂದಳು. ಚಿಂತಾಮಣಿ ಕಡೆಯವಳು, ಟೊಮೆಟೊ ವ್ಯಾಪಾರ, ದೊಡ್ಡ ಕುಂಕುಮ, ದೊಡ್ಡ ದನಿ. ನಮ್ಮ ಕಡೆ ಊರು ಕೇಳದೆ ಮಾತು ಮುಂದೆ ಹೋಗುವುದಾದರೂ ಹೇಗೆ? ಹೇಳಿದೆ.

"ಎಷ್ಟು ವರ್ಷದಿಂದ ಕುಡೀತಾರೆ?"

"ಚಿಕ್ಕ ಮಗಳು ಹುಟ್ಟಿದಾಗಿಂದ."

"ಬೆಳಿಗ್ಗೇನೂ ಬೇಕಾ?"

"ಹೂಂ. ಇಲ್ಲಾಂದ್ರೆ ಕೈ ನಡುಗ್ತದೆ."

"ಹೊಡೀತಾರಾ?"

"ಇಲ್ಲ."

"ಬೈತಾರಾ?"

"ಇಲ್ಲ. ಸುಮ್ನೆ ಇರ್ತಾರೆ."

"ಅಯ್ಯೋ, ಪುಣ್ಯ ಮಾಡಿದ್ದೆ ಬಿಡಕ್ಕ!" ಎಂದು ರತ್ನಮ್ಮ ಮಿಕ್ಕವರ ಕಡೆ ತಿರುಗಿದಳು. "ಕೇಳ್ರಮ್ಮ, ಕುಡಿದ್ರೂ ಹೊಡೆಯಲ್ವಂತೆ. ನಮ್ಮನೇದಕ್ಕೆ ಸ್ವಲ್ಪ ಹೇಳ್ಕೊಡಕ್ಕೆ ಹೇಳಿ."

ಎಲ್ಲರೂ ನಕ್ಕರು. ನಾನು ಹೇಳಿದ ಉತ್ತರಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಆಸಾಮಿ ಮಾತ್ರ ಬೇರೆ. ಮೂಲೆಯಲ್ಲಿ ಕೂತಿದ್ದ ಶಿಡ್ಲಘಟ್ಟದ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸಿ, "ನಮ್ಮ ತಂಗೀನ ನಿಮ್ಮೂರಿಗೇ ಕೊಟ್ಟಿರೋದು, ನಿಮ್ಮ ಯಜಮಾನ್ರನ್ನ ನಾನು ನೋಡಿದೀನಿ. ಬಿಳಿ ಶರಟು, ಬಟ್ಟೆ ಬ್ಯಾಗು. ನಮ್ಮ ಬೀದಿ ತಿರುವಲ್ಲಿರೋ ಅಂಗಡಿ ಮುಂದೆ ನಿಂತಿರ್ತಾರೆ. ನೋಡಿದ್ರೆ ಕುಡಿಯೋರ ಥರ ಕಾಣಲ್ಲ, ಪಾಪ" ಎಂದಳು.

ನಾನು ತಲೆ ತಗ್ಗಿಸಿದೆ. ಅವರು ಅದನ್ನು ದುಃಖ ಎಂದುಕೊಂಡರು. ರತ್ನಮ್ಮ ನನ್ನ ಬೆನ್ನು ಸವರಿದಳು. ಎಷ್ಟು ಕಾಲವಾಗಿತ್ತು ಯಾರಾದರೂ ಹಾಗೆ ಬೆನ್ನು ಸವರಿ! ಆ ಕೈಯ ಆಸೆಗೇ ಮುಂದಿನ ಭಾನುವಾರವೂ ಹೋದೆ. ಅದರ ಮುಂದಿನದಕ್ಕೂ ಹೋದೆ.

ಪ್ರತಿ ಸಲವೂ ಹಲಗೆಗೆ ಒತ್ತಿದ ಕುರ್ಚಿಯನ್ನೇ ಹಿಡಿಯುತ್ತಿದ್ದೆ. ಆ ಕಡೆ ಗಂಡಸರು ಒಬ್ಬೊಬ್ಬರಾಗಿ ಎದ್ದು ಮಾತಾಡುವುದು ಹಲಗೆ ದಾಟಿ ಬರುತ್ತಿತ್ತು. ಶೀಸೆ ಬಚ್ಚಿಟ್ಟ ಜಾಗಗಳು, ಸಂಜೆಯಾಗುತ್ತಿದ್ದಂತೆ ಒಣಗುವ ನಾಲಿಗೆ, ನಾಳೆಯಿಂದ ಬಿಡುತ್ತೇನೆ ಎಂದು ದೇವರ ಮುಂದೆ ಇಟ್ಟ ಆಣೆ, ಅದೇ ಸಂಜೆ ಮುರಿದ ಆಣೆ. ಒಬ್ಬರು ಮಾತು ಮುಗಿಸಿದರೆ ಕಂಡಕ್ಟರಣ್ಣ ಬಸ್ಸಿಗೆ ಹೇಳುವಂತೆ "ರೈಟ್" ಎನ್ನುವರು, ಇನ್ನೊಬ್ಬರು ಶುರು ಮಾಡುವರು. ನನ್ನ ಕಥೆಯನ್ನು ಯಾರೋ ಅಪರಿಚಿತರು ಗಂಡು ದನಿಯಲ್ಲಿ ಹೇಳುತ್ತಿದ್ದರು. ಈ ಕಡೆ ರತ್ನಮ್ಮ, "ಕುಡುಕ ನನ್ಮಕ್ಳು, ಎಲ್ಲಾ ನಾಟ್ಕ" ಎನ್ನುತ್ತ ಕಡ್ಲೆಪುರಿ ಹಂಚುತ್ತಿದ್ದಳು. ನಾನು ಕಡ್ಲೆಪುರಿ ತಿನ್ನುತ್ತ ಆ ಬೈಗುಳವನ್ನೂ ನುಂಗುತ್ತಿದ್ದೆ. ಎರಡು ರೂಮಿದ್ದವು, ನನ್ನ ಜಾಗ ಎರಡರಲ್ಲೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಆ ಭಾನುವಾರಗಳಲ್ಲಿ ನಾನು ಪೂರ್ತಿ ಬಿಟ್ಟಿರಲೂ ಇಲ್ಲ. ಡೈರಿಯಲ್ಲಿ ಪಶು ಆಹಾರದ ಮೂಟೆಗಳ ಹಿಂದೆ ಒಂದು ಹಳೆಯ ಶೀಸೆ ಉಳಿದಿತ್ತು. ಮೀಟಿಂಗಿನಿಂದ ಬಂದು, ಸಂಜೆ ಹಾಲು ಅಳೆದು, ಬಾಗಿಲು ಹಾಕುವ ಮುಂಚೆ ಒಂದು ಮುಚ್ಚಳ. ಡಾಕ್ಟರು ಇನ್ನೊಂದು ಸಲ ಹೀಗಾದರೆ ಕಷ್ಟ ಎಂದಿದ್ದರು. ಹೆದರಿಕೆ ಇತ್ತು. ಹೆದರಿಕೆಗೂ ಅದೇ ಔಷಧಿ ಎಂದು ಕೈ ಕಲಿತುಬಿಟ್ಟಿತ್ತು.

ಹೆಂಗಸರ ರೂಮಿನಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಎಂಬುದೂ ನಿಯಮವೇ. ಆದರೆ ನಿಯಮ ಚಿಕ್ಕಬಳ್ಳಾಪುರದ್ದು, ನಾಲಿಗೆ ಶಿಡ್ಲಘಟ್ಟದ್ದು. ಆ ಮೂಲೆಯ ಹೆಂಗಸಿನ ತಂಗಿ ನಮ್ಮೂರಲ್ಲೇ ಇದ್ದಳಲ್ಲ. ಆ ತಂಗಿಯ ಗಂಡ ವೆಂಕಟೇಶ, ನಮ್ಮ ಯಜಮಾನರಿಗೆ ದಾಯಾದಿ. ಒಂದು ಬೆಳಿಗ್ಗೆ ನಾನು ಡೈರಿಯ ಒಳಗೆ ಹಾಲು ಪರೀಕ್ಷೆ ಮಾಡುತ್ತಿದ್ದೆ. ನನ್ನ ಗಂಡ ಹೊರಗೆ ಕ್ಯಾನು ಇಳಿಸುತ್ತಿದ್ದರು. ಸಾಲಿನಲ್ಲಿ ಅರ್ಧ ಊರಿನ ಹೆಂಗಸರಿದ್ದರು. ಆಗ ಹೊರಗೆ ವೆಂಕಟೇಶನ ದನಿ ಕೇಳಿತು.

"ಏನ್ ನಾಗರಾಜಣ್ಣ, ಕುಡಿಯೋನು ನೀನು, ಮೀಟಿಂಗಿಗೆ ಹೋಗೋಳು ಅತ್ಗೇನಾ? ಇದ್ಯಾವ ನ್ಯಾಯ?"

ನನ್ನ ಕೈಯಲ್ಲಿ ಹಾಲಿನ ಲೋಟ ಹಾಗೇ ನಿಂತಿತು. ಈಗ ಅವರು ನಿಜ ಹೇಳಿಬಿಡುತ್ತಾರೆ ಎಂದುಕೊಂಡೆ. ಹೇಳಲಿ ಎಂದೂ ಅನ್ನಿಸಿತು.

ನನ್ನ ಗಂಡನ ದನಿ ಬಂತು. "ಹೂಂ ಕಣೋ. ನಾನೂ ಹೋಗ್ಬೇಕು ಒಂದಿನ. ಈ ಹುಳದ ಬೆಳೆ ಮುಗೀಲಿ."

ವೆಂಕಟೇಶ ನಕ್ಕ. ಹೆಂಗಸರಲ್ಲೂ ಒಬ್ಬಿಬ್ಬರು ನಕ್ಕರು. ನನ್ನ ಗಂಡ ಖಾಲಿ ಕ್ಯಾನು ಎತ್ತಿಕೊಂಡು ಹೊರಟುಹೋದರು. ನಾನು ಮುಂದಿನ ಕ್ಯಾನಿನ ಮುಚ್ಚಳ ತೆಗೆದು ಮೂಸಿದೆ, ಏನೂ ವಾಸನೆ ತಿಳಿಯಲಿಲ್ಲ. ಹಿಂದೆಂದೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಒಬ್ಬ ಮನುಷ್ಯ ಇಡೀ ಊರಿನ ಮುಂದೆ ನನ್ನ ಕಾಯಿಲೆಯನ್ನು ತನ್ನ ಹೆಗಲಿಗೆ ಹಾಕಿಕೊಂಡು ಹುಳುಗಳಿಗೆ ಸೊಪ್ಪು ಹಾಕಲು ಹೋಗಿದ್ದ.

ಆ ಮಧ್ಯಾಹ್ನ ಹುಳು ಮನೆಯ ಹೊಸ್ತಿಲಾಚೆ ನಿಂತು ಕರೆದೆ. "ರೀ, ಪಶು ಆಹಾರದ ಮೂಟೆ ಹಿಂದೆ ಒಂದು ಶೀಸೆ ಇದೆ. ನಾನು ಮುಟ್ಟಕ್ಕೆ ಹೋದ್ರೆ ಬಾಯಿಗಿಡ್ತೀನಿ. ನೀವೇ ತೆಗೀರಿ." ಅವರು ಸೊಪ್ಪಿನ ಕೈ ಕೊಡವಿಕೊಂಡು ಬಂದರು. ಏನೂ ಕೇಳದೆ ಡೈರಿಯ ಬೀಗದ ಕೈ ಇಸಿದುಕೊಂಡರು.

ಭಾನುವಾರ ಮೆಟ್ಟಿಲ ತುದಿಯಲ್ಲಿ ಕಂಡಕ್ಟರಣ್ಣ ಎಂದಿನಂತೆ ಎಡಕ್ಕೆ ಕೈ ತೋರಿಸಿದರು. ನಾನು ನಿಂತೆ.

"ಅಣ್ಣ, ನಾನು ಈ ಕಡೆ ಕೂತ್ಕೋಬೇಕು."

"ಅದು ಕುಡಿಯೋರದು ತಾಯಿ."

"ಹೂಂ. ಕುಡಿಯೋದು ನಾನೇ."

ಅವರ ಕೈ ಇನ್ನೂ ಎಡಕ್ಕೇ ಚಾಚಿತ್ತು. ಅದನ್ನು ನಿಧಾನಕ್ಕೆ ಇಳಿಸಿ, "ಎಷ್ಟ್ ಭಾನುವಾರ ತಪ್ಪು ಬಸ್ಸಿಗೆ ಹತ್ತಿಸ್ಬಿಟ್ಟೆನಮ್ಮ ನಿನ್ನ" ಎಂದರು. ಒಳಗೆ ಕರೆದುಕೊಂಡು ಹೋಗಿ ತಮ್ಮ ಪಕ್ಕದ ಕುರ್ಚಿಯನ್ನೇ ಕೊಟ್ಟರು.

ಹೆಂಗಸೊಬ್ಬಳು ಬಂದು ಕೂತಾಗ ಆ ಗಂಡಸರೆಲ್ಲ ನೆಟ್ಟಗೆ ಕೂತರು. ಒಬ್ಬ ಎದೆಯ ಗುಂಡಿ ಹಾಕಿಕೊಂಡ. ನನ್ನ ಸರದಿ ಬಂದಾಗ ಎದ್ದು ನಿಂತು, "ನನ್ನ ಹೆಸರು ಸುಜಾತ. ನಾನು ಕುಡೀತೀನಿ. ನಮ್ಮ ಯಜಮಾನ್ರು ಕುಡಿಯಲ್ಲ, ಯಾವತ್ತೂ ಕುಡಿದಿಲ್ಲ" ಎಂದೆ. ಮೊದಲನೆಯ ಮಾತಿಗಿಂತ ಎರಡನೆಯದನ್ನೇ ಜೋರಾಗಿ ಹೇಳಿದ್ದೆ. ಹಲಗೆಯ ಆ ಬದಿಯಲ್ಲಿ ಕಡ್ಲೆಪುರಿಯ ಸದ್ದು ಪೂರ್ತಿ ನಿಂತಿತ್ತು. ಕಂಡಕ್ಟರಣ್ಣ "ರೈಟ್" ಎಂದರು.

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆಯಲು ಆಸೆ, ಆದರೆ ಹಾಗಾಗಲಿಲ್ಲ. ಮೆಟ್ಟಿಲಿಳಿಯುವಾಗ ರತ್ನಮ್ಮ ಅಡ್ಡ ನಿಂತಳು. "ನಿನ್ನ ಗಂಡನ್ನೂ ಸೇರಿಸಿ ಎಷ್ಟು ಬೈದಿದೀನಿ ಕಣೇ ನಾನು! ನೀನು ಕೂತ್ಕೊಂಡು ಕೇಳಿದೀಯ. ಆ ಪಾಪ ಯಾರ ತಲೆ ಮೇಲೆ?" ಎಂದಳು. ಆಮೇಲೆ ಎರಡು ಮೂರು ವಾರ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಂಡಸರು ಒಳ್ಳೆಯವರೇ, ಟೀ ಮೊದಲು ನನಗೇ ಕೊಡುತ್ತಿದ್ದರು. ಆದರೆ ಅವರೆಲ್ಲರ ಕಥೆಯಲ್ಲೂ ಅಳುವ ಹೆಂಡತಿ ಒಬ್ಬಳಿದ್ದಳು. ಅವಳ ಮಾತು ಬಂದಾಗಲೆಲ್ಲ ನನ್ನ ಮುಖ ನೋಡಿ ತೊದಲುತ್ತಿದ್ದರು. ಮೀಟಿಂಗ್ ಮುಗಿದ ಮೇಲೆ ಅವರು ಗುಂಪಾಗಿ ಬೀದಿ ತುದಿಯ ಹೋಟೆಲ್ಲಿಗೆ ಹೋಗುವರು, ಹೆಂಗಸರು ಗುಂಪಾಗಿ ಬಸ್ಸಿಗೆ ಹೋಗುವರು. ನಾನು ಎರಡು ಗುಂಪಿನ ಹಿಂದೆ ಒಬ್ಬಳೇ ನಡೆಯುತ್ತಿದ್ದೆ. ಹೂವಿನವಳು ಮಾತ್ರ ದೂರದಿಂದಲೇ, "ಬಿಟ್ರಾ ಯಜಮಾನ್ರು?" ಎಂದು ಕೂಗುವಳು. ಒಂದು ದಿನ ಅವಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ನಿಜ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಹೂವಿನ ದುಡ್ಡು ಕೊಡು" ಎಂದು ನಕ್ಕುಬಿಟ್ಟಳು. ನಾನೂ ನಕ್ಕೆ. ಆ ವಾರವೆಲ್ಲ ನಕ್ಕಿದ್ದು ಅದೊಂದೇ ಸಲ.

ಸಂಜೆಗಳು ಕಷ್ಟ. ಹಾಲಿನ ವ್ಯಾನು ಹೋದ ಮೇಲೆ ಡೈರಿ ತೊಳೆದು, ಮೂಟೆಗಳ ಕಡೆ ನೋಡದೆ ಬೀಗ ಹಾಕಬೇಕು. ಅಲ್ಲಿ ಏನೂ ಇಲ್ಲ ಎಂದು ಗೊತ್ತು. ಆದರೂ ನೋಡದೆ ಬೀಗ ಹಾಕುವುದೇ ಒಂದು ಕೆಲಸ. ಮನೆಗೆ ಬಂದರೆ ಕಷಾಯ ಇರುತ್ತಿತ್ತು. ಅತ್ತೆ ಲೋಟ ಕೊಟ್ಟು, ನಾನು ಪೂರ್ತಿ ಕುಡಿಯುವವರೆಗೆ ಎದುರಿಗೇ ಕೂತಿರುತ್ತಿದ್ದರು. ಮುಚ್ಚಳ ಹಿಡಿದು ಬಂದ ಅದೇ ಕೈ ಈಗ ಲೋಟ ಹಿಡಿದು ಬರುತ್ತಿತ್ತು. ಒಂದು ಸಂಜೆ ಆ ಕೈಯನ್ನು ಹಿಡಿದುಕೊಂಡೆ. "ವದಲಮ್ಮಾ, ಬಿಡು, ಒಲೆ ಮೇಲೆ ಸಾರಿದೆ" ಎಂದು ಬಿಡಿಸಿಕೊಂಡು ಎದ್ದುಹೋದರು. ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ಕಾಣಿಸಿತು.

ಗಂಡನ ಜೊತೆ ಮಾತ್ರ ಮಾತು ಇನ್ನೂ ಹುಟ್ಟಿರಲಿಲ್ಲ. ಶೀಸೆ ತೆಗೆದರು, ಬೀಗದ ಕೈ ವಾಪಸ್ಸು ಕೊಟ್ಟರು, ಅಷ್ಟೇ. ನಾನು ಮೀಟಿಂಗಿನಲ್ಲಿ ನಿಜ ಹೇಳಿದ್ದು ಅವರಿಗೆ ತಿಳಿದಿತ್ತೋ ಇಲ್ಲವೋ. ವೆಂಕಟೇಶ ಈಗಲೂ ಅವರನ್ನು ರೇಗಿಸುತ್ತಿದ್ದನೋ ಏನೋ. ಕೇಳಲು ಧೈರ್ಯ ಇರಲಿಲ್ಲ.

ಹುಳು ಹಣ್ಣಾಗಿ, ಗೂಡು ಕಟ್ಟಿ, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಬಂದಾಯಿತು. ಅದಾದ ಭಾನುವಾರ ನಾನು ಬಸ್ಸಿಗೆ ಹೊರಟಾಗ ಅವರು ಬಿಳಿ ಶರಟು ಹಾಕಿಕೊಂಡು ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು.

"ಬೆಳೆ ಮುಗೀತಲ್ಲ. ನಡಿ, ನಾನೂ ಬರ್ತೀನಿ" ಎಂದರು.

ಬಸ್ಸಿನಲ್ಲಿ ಅವರು ಮುಂದೆ ನಿಂತಿದ್ದರು, ನನಗೆ ಹಿಂದೆ ಸೀಟು ಸಿಕ್ಕಿತ್ತು. ಮೆಟ್ಟಿಲನ್ನು ಅವರು ನನಗಿಂತ ಮುಂದೆ ಹತ್ತಿದರು. ಮೇಲೆ ಕಂಡಕ್ಟರಣ್ಣ ಹೊಸ ಗಂಡಸನ್ನು ಕಂಡು ಸಂತೋಷದಿಂದ ಕೈ ಮುಗಿದರು.

"ಬನ್ನಿ ಸರ್, ಬನ್ನಿ. ಗಂಡಸರು ಈ ಕಡೆ."

"ಇಲ್ಲ ಅಣ್ಣ" ಎಂದರು ನನ್ನ ಗಂಡ. "ನಂದು ಆ ಕಡೆ."

ಚಪ್ಪಲಿ ಬಿಟ್ಟು, ಹೆಂಗಸರ ರೂಮಿಗೆ ಹೋದರು.

ನಾನು ನನ್ನ ರೂಮಿನಲ್ಲಿ ಕೂತೆ. ಹಲಗೆಯ ಆಚೆ ರತ್ನಮ್ಮನ ದನಿ ಕೇಳಿತು. "ಅಯ್ಯೋ, ಇದು ಹೆಂಗಸರ ರೂಮಣ್ಣ." "ಗೊತ್ತಮ್ಮ" ಎಂದರು. ಕುರ್ಚಿ ಎಳೆದ ಸದ್ದಾಯಿತು. ನಮ್ಮ ಕಡೆ ಮಾತಾಡುತ್ತಿದ್ದವನು ತಾನಾಗಿಯೇ ನಿಲ್ಲಿಸಿದ. ಕಂಡಕ್ಟರಣ್ಣ "ರೈಟ್" ಎನ್ನಲಿಲ್ಲ. ಎಲ್ಲರೂ ಹಲಗೆಯ ಕಡೆಗೇ ನೋಡುತ್ತಿದ್ದರು.

"ನನ್ನ ಹೆಸರು ನಾಗರಾಜ" ಎಂದರು ಅವರು. ಸಂತೆಯಲ್ಲೂ ದನಿ ಎತ್ತದ ಮನುಷ್ಯ. "ಕುಡೀತಿದ್ದಿದ್ದು ನಮ್ಮ ಮನೆಯೋಳು. ತಂದುಕೊಡ್ತಿದ್ದಿದ್ದು ನಾನು. ಅವಳು ಹೋಗಿ ಆ ಅಂಗಡಿ ಮುಂದೆ ನಿಂತ್ಕೋಬಾರ್ದು ಅಂತ ನಾನೇ ನಿಂತ್ಕೋತಿದ್ದೆ. ಅದು ಉಪಕಾರ ಅಂದ್ಕೊಂಡಿದ್ದೆ. ಹೆಂಡ್ತಿ ಕುಡೀತಾಳೆ ಅಂತ ಯಾರ ಹತ್ರ ಹೇಳ್ಕೊಳ್ಲಿ? ಗಂಡ ಕುಡಿದ್ರೆ ನೀವೆಲ್ಲ ಒಬ್ಬರಿಗೊಬ್ಬರು ಇದೀರಿ. ನಾನು ಹುಳು ಮನೇಲಿ ಬಾಗ್ಲು ಹಾಕ್ಕೊಂಡು ಹುಳುಗಳ ಹತ್ರ ಹೇಳ್ತಿದ್ದೆ."

ಅಷ್ಟು ವರ್ಷ ನಾನೊಬ್ಬಳೇ ಒಂಟಿ ಎಂದುಕೊಂಡಿದ್ದೆ. ನನ್ನ ಒಂಟಿತನವನ್ನು ನೋಡಿಕೊಳ್ಳುತ್ತಲೇ ಇನ್ನೊಬ್ಬರು ಒಂಟಿಯಾಗಿದ್ದರು. ನಾನು ಕುಡಿದದ್ದಕ್ಕೆ ಅಷ್ಟು ಅತ್ತಿರಲಿಲ್ಲ, ಅವತ್ತು ಅತ್ತುಬಿಟ್ಟೆ. ಪಕ್ಕದ ಹುಡುಗ ಟೀ ಲೋಟ ಹಿಡಿದು, ಕೊಡಬೇಕೋ ಬೇಡವೋ ತಿಳಿಯದೆ ನಿಂತಿದ್ದ. ಕೊನೆಗೆ ರತ್ನಮ್ಮನ ದನಿ ಬಂತು. "ತಗೋಳಣ್ಣ, ಕಡ್ಲೆಪುರಿ."

ವಾಪಸ್ಸು ಬರುವಾಗ ಬಸ್ಸು ಖಾಲಿಯಿತ್ತು. ಕಿಟಕಿ ಪಕ್ಕ ನನ್ನನ್ನು ಕೂರಿಸಿ ಅವರು ಪಕ್ಕದಲ್ಲಿ ಕೂತರು. ಚಿಕ್ಕಬಳ್ಳಾಪುರ ದಾಟುವವರೆಗೂ ಟಿಕೆಟ್ಟನ್ನು ಮಡಚುತ್ತ, ಬಿಚ್ಚುತ್ತ ಇದ್ದರು. ಆಮೇಲೆ ಮುಂದಿನ ಸೀಟನ್ನೇ ನೋಡುತ್ತ ಕೇಳಿದರು.

"ಹಲಗೆ ಆಚೆ ಕೇಳಿಸ್ತಿತ್ತಾ?"

"ಎಲ್ಲಾ ಕೇಳಿಸ್ತು" ಎಂದೆ.

"ಹೂಂ" ಎಂದರು. "ಅದಕ್ಕೇ ಸ್ವಲ್ಪ ಜೋರಾಗಿ ಹೇಳ್ದೆ."